ನಾಗಾವಿಯಲ್ಲಿ ಪುಸ್ತಕ ಕಾಯಲು ಆರು ಜನ ಇದ್ದರು

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯವರಿಗೆ ನಾಗಾವಿ ಅಂದರೆ ಮೊದಲು ಯಲ್ಲಮ್ಮ. ಜಾತ್ರೆಗೆ ಹೋಗುತ್ತಾರೆ, ಕಾಯಿ ಒಡೆಸಿಕೊಂಡು ಬರುತ್ತಾರೆ. ಅರವತ್ತು ಕಂಬದ ಗುಡಿಯನ್ನು ಸುಮ್ನೆ ಒಂದು ಸುತ್ತು ಹಾಕಿ, ಫೋಟೋ ತೆಗೆದುಕೊಂಡು ಹೊರಡುವವರೇ ಜಾಸ್ತಿ.

ಆದರೆ ನಾಗಾವಿ ಓದಿನ ಊರು. ಇಲ್ಲಿ ಘಟಿಕಾಸ್ಥಾನ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರ ಇತ್ತು. ಗುಡಿಯ ಆಶ್ರಯದಲ್ಲೇ ಶಾಲೆ. ಕಲ್ಯಾಣದ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಕಾಲದ, 1058ರ ಶಾಸನ ಅದರ ಲೆಕ್ಕ ಕೊಡುತ್ತದೆ. ವೇದ ಓದುವವರೇ 200 ಮಂದಿ. ಶಾಸ್ತ್ರ ಓದುವವರು ಬೇರೆ. ಕಲಿಸುವವರ ಜೊತೆಗೆ ಇನ್ನೂ ಆರು ಜನರ ಲೆಕ್ಕ ಬರುತ್ತದೆ: ಸರಸ್ವತೀ ಭಂಡಾರಿಗರು. ಅಂದರೆ ಪುಸ್ತಕ ನೋಡಿಕೊಳ್ಳುವವರು.

ಆರು ಜನ! ಅದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಆಗ ಪುಸ್ತಕ ಅಂದರೆ ಓಲೆಗರಿ; ಹುಳು ತಿನ್ನುತ್ತೆ, ತೇವ ತಾಗಿದರೆ ಹಾಳಾಗುತ್ತೆ. ಹಳತಾದರೆ ಕೂತು ಹೊಸದಾಗಿ ನಕಲು ಮಾಡಬೇಕು. ಅದಕ್ಕೇ ಅಂತ ಜನ ಬೇಕು ಅನ್ನೋದು ಸಾವಿರ ವರ್ಷದ ಹಿಂದೆ ಗೊತ್ತಿತ್ತು.

ನಾನು ಓದಿದ ಹೈಸ್ಕೂಲಿನಲ್ಲಿ ಪುಸ್ತಕ ಇದ್ದವು, ಕಾಯುವವರು ಇರಲಿಲ್ಲ. ಗಾಜಿನ ಬೀರು, ಅದಕ್ಕೊಂದು ಬೀಗ. ಶಹಾಬಾದ್ ಕಲ್ಲಿನ ನೆಲದ ಮೇಲೆ ಕೂತು ನಾವು ಹೊರಗಿನಿಂದಲೇ ಹೆಸರು ಓದುತ್ತಿದ್ದೆವು. ಮೂರು ವರ್ಷದಲ್ಲಿ ಒಂದು ಸಲವೂ ಅದು ತೆರೆಯಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಒಂದು ಮಾತು ಮುಚ್ಚಿಡಬಾರದು. ಆ ಘಟಿಕಾಸ್ಥಾನ ಎಲ್ಲರದ್ದಾಗಿರಲಿಲ್ಲ. ವೇದಪಾಠ ಬ್ರಾಹ್ಮಣ ಹುಡುಗರಿಗೆ. ಕಲ್ಲು ಕಡೆದವರ ಮಕ್ಕಳು, ಆ ಶಾಲೆಗೆ ಅನ್ನ ಬೆಳೆದವರ ಮಕ್ಕಳು ಹೊರಗೇ ಉಳಿದರು. ಹೆಣ್ಣುಮಕ್ಕಳ ಮಾತು ಹೇಳುವುದೇ ಬೇಡ. ಈಗ ನಮ್ಮ ಸರ್ಕಾರಿ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ, ಬೀರು ಮಾತ್ರ ಮುಚ್ಚಿದ್ದರೆ ಏನು ಬಂತು? ಪ್ರತಿ ಹೈಸ್ಕೂಲಿಗೂ ಒಬ್ಬರು ಗ್ರಂಥಪಾಲಕರು ಬೇಕೇ ಬೇಕು. ಆರು ಬೇಡ, ಒಬ್ಬರು ಸಾಕು.

ಸುತ್ತಲಿನ ಮೇಷ್ಟ್ರುಗಳಲ್ಲೂ ಒಂದು ಕೋರಿಕೆ. ಪ್ರವಾಸ ಅಂದರೆ ಹಂಪಿ, ಬಿಜಾಪುರ ಅಂತೀರಿ, ಹೋಗಿ. ನಾಗಾವಿಗೂ ಒಂದು ದಿನ ಕರೆದುಕೊಂಡು ಬನ್ನಿ. ಕಂಬಗಳ ನಡುವೆ ಕೂರಿಸಿ, ಇದು ಗುಡಿ ಅಷ್ಟೇ ಅಲ್ಲ, ಶಾಲೆಯ ಜಾಗ ಅಂತ ಹೇಳಿ. ಅದು ಗೊತ್ತಿದ್ದ ಮಗು ಆ ಕಲ್ಲಿನ ಮೇಲೆ ಹೆಸರು ಕೆತ್ತೋದಿಲ್ಲ.

ಮುಂದಿನ ಜಾತ್ರೆಗೆ ಅಣ್ಣನ ಮಗಳು ನನ್ನ ಜೊತೆ ಬರುತ್ತಾಳೆ. ಚೀಲದಲ್ಲಿ ಅವಳ ಕಥೆ ಪುಸ್ತಕವನ್ನೂ ಇಟ್ಟುಕೊಳ್ಳುತ್ತೇನೆ. ಅವಳಿಗೆ ಗಟ್ಟಿಯಾಗಿ ಓದುವ ಅಭ್ಯಾಸ.