ಬೀರುವಿನಲ್ಲಿ ಮಡಚಿಟ್ಟ ಸವಲತ್ತು

ಸಿಇಟಿ ಫಲಿತಾಂಶ ಬಂದ ವಾರ ಒಂದೇ ಮಾತು ಬೇರೆ ಬೇರೆ ಫೇಸ್‌ಬುಕ್ ಗೋಡೆಗಳ ಮೇಲೆ ಕಾಣಿಸಿಕೊಳ್ಳುತ್ತದೆ: "ನಮಗೆ ಯಾರೂ ಏನೂ ಕೊಡಲಿಲ್ಲ. ಅಪ್ಪ ಕಷ್ಟಪಟ್ಟು ಓದಿಸಿದರು, ನಾವು ಕಷ್ಟಪಟ್ಟು ಓದಿದೆವು. ನಮ್ಮ ಮನೆಯಲ್ಲಿ ಜಾತಿಯ ಮಾತೇ ಬರುವುದಿಲ್ಲ."

ಹೀಗೆ ಬರೆಯುವವರು ಸುಳ್ಳು ಹೇಳುತ್ತಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಕಷ್ಟಪಟ್ಟಿದ್ದೂ ನಿಜ, ಜಾತಿಯ ಮಾತು ಬಾರದಿದ್ದದ್ದೂ ನಿಜ. ಆ ಮಾತು ಆಡಲೇಬೇಕಾದ ಪ್ರಸಂಗ ಆ ಮನೆಯ ಹೊಸ್ತಿಲು ದಾಟಿ ಬರಲೇ ಇಲ್ಲ, ಅಷ್ಟೇ. ನಮ್ಮ ಸವಲತ್ತು ಬಹುಪಾಲು ಇರುವುದು ನಾವು ಮಾಡಬೇಕಾಗಿ ಬಾರದ ಕೆಲಸಗಳಲ್ಲಿ, ನಿಲ್ಲಬೇಕಾಗಿ ಬಾರದ ಸಾಲುಗಳಲ್ಲಿ. ಮಾಡದ ಕೆಲಸ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ನೆನಪನ್ನು ನಂಬಿ ವಾದ ಮಾಡುವುದಕ್ಕಿಂತ ಮನೆಯ ಬೀರು ತೆಗೆದು ಕಾಗದಪತ್ರ ಓದುವುದು ಒಳ್ಳೆಯದು.

ಮೊದಲು ಪಹಣಿ, ಅಂದರೆ ಜಮೀನಿನ ಹಕ್ಕಿನ ದಾಖಲೆ. ಊರಲ್ಲಿ ಒಂದೆರಡು ಎಕರೆ ಇರುವವರು ಪಹಣಿಯಲ್ಲಿ ನೋಡುವುದು ಕಾಲಂ 9, ಅಂದರೆ ಮಾಲೀಕರ ಹೆಸರು. ಕಾಲಂ 11ರಲ್ಲಿ ಸೊಸೈಟಿ ಸಾಲ ಇದೆಯೇ ಎಂದು ನೋಡುತ್ತಾರೆ. ನಡುವಿನ ಕಾಲಂ 10ನ್ನು ಓದುವವರು ಕಡಿಮೆ. ಆ ಜಮೀನು ಆ ಹೆಸರಿಗೆ ಹೇಗೆ ಬಂತು ಎಂಬುದು ಬರೆದಿರುವುದು ಅಲ್ಲಿ: ಪೌತಿ (ತೀರಿಕೊಂಡವರಿಂದ ವಾರಸುದಾರರಿಗೆ), ವಿಭಾಗ, ಕ್ರಯ, ದಾನ, ಇಲ್ಲವೇ ನ್ಯಾಯಮಂಡಳಿಯ ಆದೇಶ, ಜೊತೆಗೆ ಎಂ.ಆರ್. ನಂಬರು, ಅಂದರೆ ಹಕ್ಕು ಬದಲಾವಣೆಯ (ಮ್ಯುಟೇಶನ್) ನಂಬರು. ಆ ನಂಬರು ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮ್ಯುಟೇಶನ್ ನಕಲಿಗೆ ಅರ್ಜಿ ಹಾಕಿ, ಒಂದೊಂದೇ ಹೆಜ್ಜೆ ಹಿಂದೆ ಹೋಗಿ. ಅನೇಕ ಮನೆಗಳಲ್ಲಿ ಈ ದಾರಿ 1974ಕ್ಕೆ ಬಂದು ಮುಟ್ಟುತ್ತದೆ.

ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಇದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರ ಫಾರಂ ನಂಬರ್ 7ರಲ್ಲಿ ಡಿಕ್ಲರೇಶನ್ ಕೊಟ್ಟರೆ ಭೂ ನ್ಯಾಯಮಂಡಳಿ ವಿಚಾರಣೆ ಮಾಡಿ ಆ ಜಮೀನನ್ನು ಅವನ ಹೆಸರಿಗೆ ಮಾಡುವ ಅಧಿಭೋಗದ ಹಕ್ಕು ಕೊಡುತ್ತಿತ್ತು. ಅರ್ಜಿಯ ಗಡುವು ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಕರ್ನಾಟಕ ಕಂಡ ದೊಡ್ಡ ಕೆಲಸಗಳಲ್ಲಿ ಇದು ಒಂದು. ಇದರಿಂದ ತಲೆ ಎತ್ತಿ ನಿಂತ ಮನೆಗಳು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಇವೆ.

ಆದರೆ ಫಾರಂ 7 ತುಂಬಬೇಕಾದರೆ ನೀವು ಗೇಣಿದಾರರಾಗಿರಬೇಕಿತ್ತು. ಅದೇ ಗದ್ದೆಯಲ್ಲಿ ನಾಟಿ ಹಾಕಿದ, ಕೊಯ್ಲು ಮಾಡಿದ, ಗೊಬ್ಬರ ಹೊತ್ತ ಕೂಲಿಯವರ ಹೆಸರು ಗೇಣಿ ಚೀಟಿಯಲ್ಲೂ ಇರಲಿಲ್ಲ, ಪಹಣಿಯ ಸಾಗುವಳಿದಾರರ ಕಾಲಂನಲ್ಲೂ ಇರಲಿಲ್ಲ. ಅವರಲ್ಲಿ ಹೆಚ್ಚಿನವರು ದಲಿತರು. ವಾಸದ ಗುಡಿಸಲಿನ ಜಾಗಕ್ಕೆ ಹಕ್ಕು ಕೇಳಲು ಕಾಯ್ದೆಯಲ್ಲಿ ಅವರಿಗೆ ಒಂದು ಕಲಮು ಇತ್ತು. ಉತ್ತ ನೆಲಕ್ಕೆ ಇರಲಿಲ್ಲ. ಆಮೇಲೆ ಅವರ ಪಾಲಿಗೆ ಬಂದದ್ದು ಸರ್ಕಾರಿ ಜಮೀನು ಕೇಳುವ ದರಖಾಸ್ತು, ಮತ್ತು ಅಪ್ಪಣೆಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಎಂದು ಕೇಳುವ ಬಗರ್ ಹುಕುಂ. ಫಾರಂ 50 ಆಯಿತು, 53 ಆಯಿತು, 57 ಆಯಿತು. ಅಜ್ಜ ಕೊಟ್ಟ ಅರ್ಜಿಯ ಹಿಂಬರಹದ ಚೀಟಿಯನ್ನು ಮೊಮ್ಮಗ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿರುವ ಮನೆಗಳು ಇಂದಿಗೂ ಇವೆ.

ಆದ್ದರಿಂದ ಈ ಮಾತು ಬ್ರಾಹ್ಮಣರಿಗೆ ಮಾತ್ರ ಹೇಳುವ ಮಾತು ಎಂದು ಉಳಿದವರು ಹಗುರಾಗಬೇಕಿಲ್ಲ. 1974ರಲ್ಲಿ ಗೇಣಿ ಮಾಡುತ್ತಿದ್ದ ಹಿಂದುಳಿದ ಜಾತಿಯ ಕುಟುಂಬಕ್ಕೂ ಅದೇ ಗದ್ದೆಯ ಕೂಲಿ ಕುಟುಂಬಕ್ಕೂ ನಡುವೆ ಆಗ ಬಿದ್ದ ಅಂತರ ಇವತ್ತಿಗೂ ಹಾಗೇ ಇದೆ. "ನಮ್ಮಜ್ಜ ಬಡವ" ಅನ್ನುವುದು ಎರಡೂ ಮನೆಯ ಕಥೆ. ಒಬ್ಬನಿಗೆ ತುಂಬಲು ಒಂದು ಫಾರಂ ಇತ್ತು.

ಜಮೀನು ಕಳೆದುಕೊಂಡ ಕಡೆಯವರ ಅಳಲೂ ಗೊತ್ತಿರುವುದೇ. ಗೇಣಿ ಅಕ್ಕಿಯನ್ನೇ ನಂಬಿದ್ದ ವಿಧವೆಯರು, ಸಣ್ಣ ಹಿಡುವಳಿಯವರು ನಿಜವಾಗಿ ಕಷ್ಟಕ್ಕೆ ಬಿದ್ದರು. ಆದರೂ ಒಂದು ಮಾತು: ನೆಲ ಹೋಯಿತು, ವಿದ್ಯೆ ಹೋಗಲಿಲ್ಲ. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಸಮುದಾಯದ, ಅಂದರೆ ಬ್ರಾಹ್ಮಣರ, ಕೈಯಲ್ಲಿ ಸೇರಿಕೊಂಡಿವೆ ಎಂಬ ದೂರಿನ ಮೇಲೆಯೇ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು. ಅಂದರೆ 1974 ಬರುವ ಹೊತ್ತಿಗೆ ಆ ಮನೆಗಳಲ್ಲಿ ಓದಿನ, ಕಚೇರಿಯ, ಇಂಗ್ಲಿಷಿನ ರೂಢಿ ಎರಡು ಮೂರು ತಲೆಮಾರು ಹಳೆಯದಾಗಿತ್ತು. ಬೀರುವಿನಲ್ಲಿ ಅಜ್ಜನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೋ ಪಿಂಚಣಿ ಪುಸ್ತಕವೋ ಇದ್ದರೆ ಅದನ್ನೂ ಪಹಣಿಯ ಪಕ್ಕದಲ್ಲಿಡಿ. ಅದೂ ಆಸ್ತಿಯೇ.

ಈ ಆಸ್ತಿ ಮುಂದೆ ಏನಾಗುತ್ತದೆ ನೋಡಿ. 7.5 ಲಕ್ಷ ರೂಪಾಯಿ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಸ್ಥಿರಾಸ್ತಿಯ ಆಧಾರ ಕೇಳುತ್ತವೆ. ಅಮೆರಿಕದಲ್ಲಿ ಎಂಎಸ್ ಮಾಡಲು ಹೋಗುವವರ ಸಾಲ ಸುಲಭವಾಗಿ ಈ ಗೆರೆ ದಾಟುತ್ತದೆ. ಆಗ ಅಪ್ಪನ ಬಿಡಿಎ ಸೈಟೋ ಮಾವನ ತೋಟವೋ ಬ್ಯಾಂಕಿಗೆ ಹೋಗುತ್ತದೆ. ಹುಡುಗ ಸಾಲ ತಾನೇ ತೀರಿಸುತ್ತಾನೆ, ಹಾಗಾಗಿ "ಯಾರ ಹಂಗೂ ಇಲ್ಲದೆ ಬಂದೆ" ಅನ್ನಿಸುತ್ತದೆ. ಆದರೆ ಅದೇ ಅಂಕ ಪಡೆದು ಆಧಾರ ಕೊಡಲಾಗದವನು ಮ್ಯಾನೇಜರ್ ಮೇಜಿನವರೆಗೂ ಹೋಗುವುದಿಲ್ಲ.

ಇನ್ನು ನಿಮ್ಮ ಬೀರುವಿನಲ್ಲಿ ಇಲ್ಲದ ಕಾಗದಗಳು. ಸಾಮಾನ್ಯ ವರ್ಗದ ವಿದ್ಯಾರ್ಥಿ ಸಿಇಟಿ ಅರ್ಜಿ ತುಂಬುವಾಗ ಜಾತಿಯ ಜಾಗಕ್ಕೆ ಬಂದು ಜಿಎಂ (ಜನರಲ್ ಮೆರಿಟ್) ಒತ್ತಿ ಮುಂದೆ ಹೋಗುತ್ತಾನೆ. ಅಲ್ಲಿ ಅವನಿಗೆ ಹಿಡಿಯುವುದು ಒಂದು ಕ್ಷಣ. ಉಳಿದವರು ಏನು ಮಾಡುತ್ತಾರೆ?

ಪರಿಶಿಷ್ಟ ಜಾತಿ, ಪಂಗಡದವರಿಗೆ ನಮೂನೆ ಡಿ, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಯವರಿಗೆ ನಮೂನೆ ಎಫ್. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವರದಿ, ಕಂದಾಯ ನಿರೀಕ್ಷಕರ ಶಿಫಾರಸು, ತಹಶೀಲ್ದಾರರ ಕಡೆಯಿಂದ ಪ್ರಮಾಣಪತ್ರ. ಅದರ ಮೇಲಿರುವ ಆರ್‌.ಡಿ. ಸಂಖ್ಯೆ ಇಡೀ ಆಟದ ಕೀಲಿ. ಪರೀಕ್ಷಾ ಪ್ರಾಧಿಕಾರ ಆ ಸಂಖ್ಯೆಯನ್ನು ಕಂದಾಯ ಇಲಾಖೆಯ ದಾಖಲೆಯೊಂದಿಗೆ ಹೊಂದಿಸಿ ನೋಡುತ್ತದೆ. ಮುಗ್ಗರಿಸುವುದು ಇಲ್ಲೇ. ಆಧಾರ್‌ನಲ್ಲಿ "ಮಂಜುಳ", ಅಂಕಪಟ್ಟಿಯಲ್ಲಿ "ಮಂಜುಳಾ ಎಚ್.", ಜಾತಿ ಪತ್ರದಲ್ಲಿ "ಮಂಜುಳಾ ಹನುಮಂತಪ್ಪ". ಮನೆಯಲ್ಲಿ ಯಾರಿಗೂ ಇದು ತಪ್ಪು ಎಂದು ಹೊಳೆದಿರುವುದಿಲ್ಲ, ಕಂಪ್ಯೂಟರಿಗೆ ಇವರು ಮೂವರು. ಇನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್‌ಮಾಸ್ತರು ತಮಗೆ ತಿಳಿದಂತೆ ಜಾತಿ ಬರೆದಿರುತ್ತಾರೆ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಸರ್ಕಾರದ ಪಟ್ಟಿಯಲ್ಲಿ ಇನ್ನೊಂದು. ಆದಾಯ ಪತ್ರದ ಐದು ವರ್ಷದ ಅವಧಿ ಮುಗಿದಿದ್ದರೆ ಮತ್ತೆ ಮೊದಲಿನಿಂದ ಶುರು. ಕೇಳಿದ ಮೀಸಲಾತಿಗೆ ಪತ್ರ ಹೊಂದದಿದ್ದರೆ ಆ ಮಗು ಜಿಎಂ ಸಾಲಿಗೆ ಬಂದು ಬೀಳುತ್ತದೆ.

ಜೆಇಇ, ನೀಟ್ ಬರೆಯುವ ಹಿಂದುಳಿದ ವರ್ಗದವರಿಗೆ ಇದೇ ಪತ್ರ ಸಾಲದು. ತಾವು ಕೆನೆಪದರಕ್ಕೆ, ಅಂದರೆ ಹಿಂದುಳಿದ ವರ್ಗದೊಳಗಿನ ಉಳ್ಳವರಿಗೆ, ಸೇರಿಲ್ಲ ಎಂಬ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇರೆ, ಅದೂ ಆ ಹಣಕಾಸು ವರ್ಷದ್ದೇ ಆಗಿರಬೇಕು. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿಲ್ಲದ ಜಾತಿಗಳೂ ಇವೆ. ಅದು ಕೆಲವರಿಗೆ ಗೊತ್ತಾಗುವುದು ಕೌನ್ಸೆಲಿಂಗ್ ಹೊತ್ತಿಗೆ.

ಗ್ರಾಮೀಣ ಕೋಟಾ 15 ಶೇಕಡ ಇದೆಯಲ್ಲ ಎನ್ನುತ್ತಾರೆ. ಅದಕ್ಕೆ ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದಲ್ಲೇ ಓದಿರಬೇಕು. ಶಾಲೆಯವರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಊರಲ್ಲಿ ಹೈಸ್ಕೂಲು ಇಲ್ಲದೆ ಎಂಟನೇ ಕ್ಲಾಸಿಗೆ ತಾಲ್ಲೂಕು ಪಟ್ಟಣದ ಹಾಸ್ಟೆಲ್ ಸೇರಿದ ಹುಡುಗಿಗೆ ಅದು ಸಿಗುವುದಿಲ್ಲ. ಓದಲೆಂದು ಊರು ಬಿಟ್ಟದ್ದೇ ಅವಳಿಗೆ ಅಡ್ಡ ಬಂತು.

ಈ ಸಹಿಗಳಿಗೆಲ್ಲ ಓಡಾಡುವವರು ಯಾರು ಎಂದೂ ಕೇಳಬೇಕು. ಕೂಲಿಗೆ ಹೋಗುವ ಅಪ್ಪನಿಗೆ ನಾಡಕಚೇರಿಯ ಪ್ರತಿ ಭೇಟಿ ಒಂದು ದಿನದ ಕೂಲಿ. "ಸರ್ವರ್ ಇಲ್ಲ, ನಾಳೆ ಬಾ" ಅಂದರೆ ಎರಡು ದಿನದ್ದು. ಮಾಸ್ತರರ ಮಗನಿಗೆ ಬಿಇಒ ಕಚೇರಿಯಲ್ಲಿ ಕೂರಲು ಕುರ್ಚಿ ಸಿಗುತ್ತದೆ, ಕೂಲಿಯವನ ಮಗನನ್ನು ಕಿಟಕಿಯಲ್ಲಿ ನಿಲ್ಲಿಸುತ್ತಾರೆ. ಹಾಗೆ ನೋಡಿದರೆ ಕೆಲಸ ಸಿಕ್ಕ ಮೇಲೂ ಇದು ಮುಗಿಯದು. ಮೀಸಲಾತಿಯಲ್ಲಿ ಸರ್ಕಾರಿ ನೌಕರಿಗೆ ಆಯ್ಕೆಯಾದವರು ತಮ್ಮ ಜಾತಿ ಪತ್ರ ಸರಿಯಿದೆ ಎಂಬ ಸಿಂಧುತ್ವ ಪ್ರಮಾಣಪತ್ರಕ್ಕಾಗಿ ಜಿಲ್ಲಾ ಸಮಿತಿಯ ಮುಂದೆ ಹೋಗಬೇಕು. ಸುಳ್ಳು ಪತ್ರ ತಡೆಯಲು ಇದು ಬೇಕೇ ಬೇಕು, ನನ್ನ ತಕರಾರಿಲ್ಲ. ಆದರೆ ಸಾಮಾನ್ಯ ವರ್ಗದವನಿಗೆ ಅಜ್ಜನಿಂದ ಬಂದ ಅನುಕೂಲ ಎಷ್ಟು, ಕೋಚಿಂಗ್ ಫೀಸು ಕಟ್ಟಿದವರು ಯಾರು ಎಂದು ಪರಿಶೀಲಿಸುವ ಸಮಿತಿ ಯಾವ ಜಿಲ್ಲೆಯಲ್ಲೂ ಇಲ್ಲ.

"ಬಡ ಬ್ರಾಹ್ಮಣನ ಗತಿ?" ಎಂಬ ಪ್ರಶ್ನೆಗೆ ನೇರ ಉತ್ತರ ಇದೆ. ಬಡತನ ಬಡತನವೇ, ಹಸಿವಿಗೆ ಜಾತಿಯಿಲ್ಲ. 2019ರ 103ನೇ ತಿದ್ದುಪಡಿಯ ನಂತರ ಕೇಂದ್ರದಲ್ಲಿ ಶೇಕಡ 10 ಆರ್ಥಿಕ ದುರ್ಬಲ ಕೋಟಾ ಇದೆ. 8 ಲಕ್ಷದೊಳಗಿನ ಆದಾಯ, 5 ಎಕರೆಗಿಂತ ಕಡಿಮೆ ಕೃಷಿ ಜಮೀನು ಮುಂತಾದ ಷರತ್ತುಗಳಿವೆ. ಅವನೂ ಅದೇ ನಾಡಕಚೇರಿಯ ಸಾಲಿನಲ್ಲಿ ನಿಲ್ಲುತ್ತಾನೆ. ಆದರೆ ದುಡ್ಡು ಬಂದ ದಿನ ಅವನ ತೊಂದರೆ ಬಹುಮಟ್ಟಿಗೆ ಮುಗಿಯುತ್ತದೆ. ಒಳ್ಳೆಯ ಸಂಬಳದ ದಲಿತ ಎಂಜಿನಿಯರ್ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ದುಡ್ಡು ಎಷ್ಟಿದ್ದರೂ ಮೂರು ಪ್ರಶ್ನೆ ಎದುರಾಗುತ್ತವೆ: ಯಾವ ಕಡೆಯವರು, ಮನೆದೇವರು ಯಾವುದು, ಮನೆಯಲ್ಲಿ ಮೀನು ಮಾಂಸ ಮಾಡುತ್ತೀರಾ. ಮೂರೂ ಬಹಳ ನಯವಾಗಿ ಕೇಳುವ ಪ್ರಶ್ನೆಗಳೇ. ಮೂರಕ್ಕೂ ಹೆದರದೆ ಉತ್ತರ ಹೇಳಿ ಮನೆ ಹಿಡಿದವರಿಗೆ, ತಾವೊಂದು ಪರೀಕ್ಷೆ ಪಾಸಾದೆವು ಎಂಬುದೇ ತಿಳಿಯುವುದಿಲ್ಲ. 2025ರಲ್ಲಿ ಒಳಮೀಸಲಾತಿಗಾಗಿ, ಅಂದರೆ ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನು ಅವುಗಳೊಳಗೇ ಹಂಚುವುದಕ್ಕಾಗಿ, ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಪರಿಶಿಷ್ಟ ಜಾತಿಗಳ ಸಮೀಕ್ಷೆ ಮಾಡಿದಾಗ ಮನೆಮನೆ ಭೇಟಿಯ ಜೊತೆಗೆ ಆನ್‌ಲೈನಿನಲ್ಲಿ ತಾವೇ ಘೋಷಿಸಿಕೊಳ್ಳುವ ದಾರಿಯೂ ಇತ್ತು. ಓನರ್ ಕೇಳಿಸಿಕೊಳ್ಳುವ ಹಾಗೆ ಗೇಟಿನ ಹತ್ತಿರ ನಿಂತು ಜಾತಿ ಹೇಳಲಾಗದವರಿಗೆ ಆ ದಾರಿ ಎಷ್ಟು ಮುಖ್ಯ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ನೌಕರಿಯ ಕಥೆಯೂ ಇದೇ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಒಂದೇ ಮಟ್ಟದ ಓದು, ಅನುಭವ ಇರುವ ಅರ್ಜಿಗಳನ್ನು ಕಳಿಸಲಾಗಿತ್ತು. ಬದಲಾಗಿದ್ದದ್ದು ಹೆಸರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟೇ ಇತ್ತು.

ಕೊನೆಯ ಕಾಗದ ಗಂಡಸರಿಗೆ. ಯಾವ ಜಾತಿಯಾದರೂ ಸರಿ, ಬೀರುವಿನಲ್ಲಿ ಅಕ್ಕತಂಗಿಯರು ಸಹಿ ಹಾಕಿದ ಹಕ್ಕು ಖುಲಾಸೆ ಪತ್ರ, ಅಂದರೆ ಆಸ್ತಿಯಲ್ಲಿ ತಮ್ಮ ಪಾಲು ಬಿಟ್ಟುಕೊಟ್ಟ ಪತ್ರ, ಇದೆಯೇ ನೋಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ಆಗ ಮದುವೆಯಾಗದಿದ್ದವರಿಗೆ. ಇಡೀ ದೇಶಕ್ಕೆ 2005ರಲ್ಲಿ ಬಂತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾನೂನು ಇಷ್ಟು ಸ್ಪಷ್ಟವಿದ್ದರೂ ನಡೆಯುವುದು ಹೀಗೆ: ಅಪ್ಪ ತೀರಿಕೊಂಡ ಮೇಲೆ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತದೆ. ಬಿಡಲು ಆಗದಿದ್ದಾಗ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಸಹಿ, ಹೆಬ್ಬೆಟ್ಟಿನ ಗುರುತು, ಫೋಟೋ. "ತವರು ಬೇಕಲ್ಲವೇನಮ್ಮ, ಸಹಿ ಹಾಕು" ಎಂದು ಹಿರಿಯರೊಬ್ಬರು ಹೇಳುತ್ತಾರೆ. ಪತ್ರದಲ್ಲಿ "ಸ್ವಸಂತೋಷದಿಂದ" ಎಂದು ಬರೆದಿರುತ್ತದೆ. ಆಮೇಲೆ ಗೌರಿ ಹಬ್ಬಕ್ಕೆ ಬಾಗಿನ, ಒಂದು ಸೀರೆ. ಆ ಸಹಿಯಿಂದ ಉಳಿದ ಸೈಟಿನ ಮೇಲೆ ಮನೆ ಕಟ್ಟಿದವರೇ "ಸ್ವಂತ ದುಡಿಮೆಯ ಮನೆ" ಎಂದು ಗೃಹಪ್ರವೇಶದ ಫೋಟೋ ಹಾಕುತ್ತಾರೆ. ಇಟ್ಟಿಗೆ ಸಿಮೆಂಟು ದುಡಿಮೆಯದು, ಒಪ್ಪುತ್ತೇನೆ. ನೆಲ ಯಾರ ಪಾಲಿನದು?

ಪಾಪಪ್ರಜ್ಞೆ ಬೆಳೆಸಿಕೊಳ್ಳಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ, ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಮನೆ ಬಾಡಿಗೆಗೆ ಕೊಡುವವರು ಆ ಮೂರು ಪ್ರಶ್ನೆ ಬಿಟ್ಟು ಕೆಲಸ ಎಲ್ಲಿ, ಅಡ್ವಾನ್ಸ್ ಯಾವಾಗ ಎಂದು ಕೇಳಿದರೆ ಸಾಕು. ಸಿಬ್ಬಂದಿ ಆಯ್ಕೆ ಮಾಡುವವರು ಮೊದಲ ಸುತ್ತಿನಲ್ಲಿ ಹೆಸರು, ಊರು ಮುಚ್ಚಿ ಅರ್ಜಿ ಓದಬಹುದು, "ನಮ್ಮ ಹುಡುಗನೊಬ್ಬ ಇದ್ದಾನೆ" ಎಂಬ ಶಿಫಾರಸನ್ನು ಪಕ್ಕಕ್ಕಿಡಬಹುದು. ಖುಲಾಸೆ ಪತ್ರ ಇನ್ನೂ ಆಗಿರದಿದ್ದರೆ ವಂಶವೃಕ್ಷದಲ್ಲಿ ಎಲ್ಲರ ಹೆಸರು ಬರೆಸಿ, ಅಕ್ಕತಂಗಿಯರು ತಮ್ಮದೇ ವಕೀಲರಿಗೆ ಕಾಗದ ತೋರಿಸಲು ಬಿಡಿ.

ಮನೆಕೆಲಸಕ್ಕೆ ಬರುವವರ ಮಗಳೋ ಕಚೇರಿಯ ಸೆಕ್ಯುರಿಟಿಯವರ ಮಗನೋ ಈಗ ಪಿಯುಸಿಯಲ್ಲಿದ್ದರೆ, ಎರಡನೇ ವರ್ಷ ಶುರುವಾಗುವಾಗಲೇ ಒಂದು ಭಾನುವಾರ ಅವರ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಿ. ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಜಾತಿ ಆದಾಯ ಪತ್ರ ಮೂರರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇರಬೇಕು. ಆದಾಯ ಪತ್ರದ ಅವಧಿ ಮುಂದಿನ ಪ್ರವೇಶದವರೆಗೆ ಇರಬೇಕು. ವಿದ್ಯಾರ್ಥಿವೇತನದ ಹಣ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ, ಕೈಯಲ್ಲಿರುವ ಪಾಸ್‌ಬುಕ್ಕಿಗೇ ಬರಬೇಕೆಂದಿಲ್ಲ. ಯಾವುದಕ್ಕೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿಸಿ. ತಪ್ಪಿದ್ದರೆ ಆಗಲೇ ತಿದ್ದಿಸಲು ಕೊಡಿ, ಸಿಇಟಿ ಅರ್ಜಿಯ ಹೊತ್ತಿಗೆ ನಾಡಕಚೇರಿಯ ಮುಂದೆ ನೂಕುನುಗ್ಗಲು ಇರುತ್ತದೆ.