ರಾಶಿ, ಚಾಲಿ, ಗ್ಯಾರುಲಸ್

ಕೇಂದ್ರ ಸರ್ಕಾರದಲ್ಲಿ ಆಡಿಟರೋ ಟ್ಯಾಕ್ಸ್ ಅಸಿಸ್ಟೆಂಟೋ ಆಗಬೇಕೆಂದರೆ, ವಾಚಾಳಿಗೆ ಇಂಗ್ಲಿಷಿನಲ್ಲಿ ನಾಲ್ಕು ಹೆಸರು ಗೊತ್ತಿರಬೇಕು. ಗ್ಯಾರುಲಸ್, ಲೊಕ್ವೇಶಿಯಸ್, ವಾಲ್ಯುಬಲ್, ವರ್ಬೋಸ್. ಶಿರಸಿಯ ದೇವಿಕೆರೆ ಪಕ್ಕ ಸಂಜೆ ಕೂತು ಹುಡುಗರು ಇದನ್ನೇ ಜಪ ಮಾಡುತ್ತಾರೆ. ವಾಕಿಂಗ್ ಬಂದ ಹಿರಿಯರು ಯಾವುದೋ ಹೊಸ ಸಹಸ್ರನಾಮ ಇರಬೇಕು ಅಂತ ಕೈಮುಗಿದು ಹೋಗುವುದೊಂದು ಬಾಕಿ.

ಈ ಕೆಲಸಗಳಿಗೆ ಸ್ಟಾಫ್ ಸೆಲೆಕ್ಷನ್ ಕಮಿಷನ್ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಸುತ್ತಿನಲ್ಲಿ 100 ಪ್ರಶ್ನೆ, 60 ನಿಮಿಷ. ಅದರಲ್ಲಿ 25 ಪ್ರಶ್ನೆ ಇಂಗ್ಲಿಷಿನವು, ಸಮಾನಾರ್ಥಕ ಪದಗಳ ಕಾಟವೂ ಅಲ್ಲೇ. ಒಂದು ತಪ್ಪಿದರೆ ಅರ್ಧ ಅಂಕ ಖೋತಾ. ಲೆಕ್ಕ ಹಾಕಿದರೆ ಪ್ರಶ್ನೆಗೆ 36 ಸೆಕೆಂಡು ಸಿಗುತ್ತದೆ. ನಮ್ಮ ಕಡೆಯ ನಿಜವಾದ ಗ್ಯಾರುಲಸ್ ಮನುಷ್ಯ 36 ಸೆಕೆಂಡಿನಲ್ಲಿ 'ಆರಾಮಾ?' ಅನ್ನುವುದನ್ನೂ ಮುಗಿಸಿರುವುದಿಲ್ಲ.

ಇದಕ್ಕೆಲ್ಲ ಕೋಚಿಂಗ್ ಕ್ಲಾಸುಗಳಿವೆ. ಪದ ನೆನಪಿಡಲು ಅಲ್ಲಿ ಟ್ರಿಕ್ ಹೇಳಿಕೊಡುತ್ತಾರೆ. ಗ್ಯಾರೇಜಿನಲ್ಲಿ ಬೈಕ್ ಬಿಟ್ಟು ಕೂತವನು ಮಾತಾಡದೆ ಇನ್ನೇನು ಮಾಡುತ್ತಾನೆ? ಹಾಗಾಗಿ ಗ್ಯಾರುಲಸ್. ಜುಲೈ ತಿಂಗಳಲ್ಲಿ ಮಳೆ ಸ್ವಲ್ಪ ಕಡಿಮೆಯಾದರೆ 'ಅಬ್ಬಾ' ಅನ್ನುತ್ತೇವಲ್ಲ, ಅದೇ ಅಬೇಟ್, ಅಂದರೆ ತಗ್ಗುವುದು. ಈ ಎರಡನೆಯದು ನಿಜಕ್ಕೂ ಚೆನ್ನಾಗಿದೆ, ಒಪ್ಪಬೇಕಾದ್ದೇ. ಆದರೆ ಪರೀಕ್ಷೆ ಬರೆಯಲು ನೂರು ಕಿಲೋಮೀಟರ್ ಹತ್ತಿರ ಬಸ್ಸಿನಲ್ಲಿ ಕುಲುಕಿಕೊಂಡು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮಳೆ, ಗ್ಯಾರೇಜು, ಬೈಕು ಎಲ್ಲ ನೆನಪಿರುತ್ತದೆ. ಪದ ಮಾತ್ರ ದಾರಿಯ ತಿರುವಿನಲ್ಲೆಲ್ಲೋ ಇಳಿದುಹೋಗಿರುತ್ತದೆ.

ಬಾಯಿಪಾಠ ನಮಗೇನೂ ಹೊಸದಲ್ಲ ಬಿಡಿ. ಹಳೇ ತಲೆಮಾರಿನವರು ಅಮರಕೋಶ ಉರು ಹೊಡೆದವರೇ. ಅದು ಶ್ಲೋಕದಲ್ಲಿತ್ತು, ಪದ ಮರೆತರೂ ರಾಗ ಉಳಿಯುತ್ತಿತ್ತು. ಈಗಿನದು ಪಿಡಿಎಫ್‌ನಲ್ಲಿದೆ.

ಇಂಗ್ಲಿಷಿನಲ್ಲಿ ಈ ಪದರಾಶಿಗೆ ಹೆಸರಾದವರು ಪೀಟರ್ ಮಾರ್ಕ್ ರೋಜೆ ಎಂಬ ಡಾಕ್ಟರು. 1805ರಲ್ಲಿ ತಮ್ಮ ಸ್ವಂತ ಬಳಕೆಗೆ ಅಂತ ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿಟ್ಟುಕೊಂಡರು. ಅಚ್ಚು ಹಾಕಿಸಿದ್ದು 1852ರಲ್ಲಿ, 73ನೇ ವಯಸ್ಸಿಗೆ. ಮೊದಲ ಮುದ್ರಣದಲ್ಲೇ ಸುಮಾರು 15,000 ಪದಗಳಿದ್ದವು. ಹೇಳಬೇಕಾದ್ದು ತಲೆಯಲ್ಲಿದೆ, ಪದ ನಾಲಿಗೆಗೆ ಬರುತ್ತಿಲ್ಲ ಅನ್ನುವವರಿಗೆ ಮಾಡಿದ ಥೆಸಾರಸ್ ಅದು. ಅದರಲ್ಲಿ ಪದಕ್ಕೆ ಅರ್ಥ ಬರೆದಿರಲಿಲ್ಲ. ಓದುವವನಿಗೆ ಅದು ಗೊತ್ತಿರುತ್ತದೆ ಅಂತ ಡಾಕ್ಟರರ ನಂಬಿಕೆ. ಪಾಪ. ನಮ್ಮಲ್ಲಿ ಪದ ನಾಲಿಗೆಯ ತುದಿಯಲ್ಲೇ ಇದೆ, ಹೇಳಬೇಕಾದ್ದೇ ಏನೂ ಇಲ್ಲ.

ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆ 1994ರಲ್ಲಿ ವಿರುದ್ಧಪದಗಳನ್ನು ಕೈಬಿಟ್ಟಿತು. 2005ರಲ್ಲಿ ಪದಜೋಡಿ ಹೊಂದಿಸುವುದು ಹೋಯಿತು. 2016ರಲ್ಲಿ ಅಪರೂಪದ ಪದ ಕೇಳುವ ಚಾಳಿಯನ್ನೇ ನಿಲ್ಲಿಸಿದರು. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡುವವರೇ ಸಾಕಪ್ಪ ಸಾಕು ಅಂದರು. ಅವರು ಬಿಟ್ಟಿದ್ದನ್ನು ನಮ್ಮ ಗೈಡುಗಳು ಹೊಸ ರಕ್ಷಾಪುಟ ಹಾಕಿ ಮಾರುತ್ತಿವೆ.

ಗೈಡಿನ ಪ್ರಕಾರ ಸಮಾನಾರ್ಥಕ ಅಂದರೆ ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೂ ನಡೆಯುತ್ತದೆ. ತೆಳ್ಳಗಿರುವುದಕ್ಕೆ ಸ್ಲೆಂಡರ್, ಸ್ಕಿನ್ನಿ, ಎಮೇಸಿಯೇಟೆಡ್, ಎಲ್ಲ ಒಂದೇ ಸಾಲಿನಲ್ಲಿ. ಮೂರನೆಯದಕ್ಕೆ ಹೊಟ್ಟೆಗಿಲ್ಲದೆ ಬಡಕಲಾದವರು ಅಂತ ಅರ್ಥ. ಹೆಣ್ಣು ನೋಡಲು ಹೋದವನು ಅದನ್ನೇ ಆರಿಸಿಕೊಂಡು ಹೊಗಳಿದರೆ, ಅವಲಕ್ಕಿ ತಟ್ಟೆ ವಾಪಸ್ ಒಳಗೆ ಹೋಗುತ್ತದೆ. ಪ್ರಸಿದ್ಧ ಅನ್ನುವುದಕ್ಕೆ ನಟೋರಿಯಸ್, ಅಂದರೆ ಕುಖ್ಯಾತ, ಕೂಡ ಇದೆ ಅಂತ ಬರೆದ ಪಟ್ಟಿಗಳುಂಟು. ಅದನ್ನು ನಂಬಿ ಯಾರಾದರೂ ಶಿರಸಿಯ ಬಿಡ್ಕಿಬೈಲಿನಲ್ಲಿ 'ನಮ್ಮ ನಟೋರಿಯಸ್ ನಾಯಕರಿಗೆ ಸ್ವಾಗತ' ಅಂತ ಬ್ಯಾನರ್ ಕಟ್ಟಿಸಬೇಕು. ಇಷ್ಟು ವರ್ಷದ ಬ್ಯಾನರುಗಳಲ್ಲಿ ಅದೊಂದಾದರೂ ನಿಜ ಹೇಳಿದ ಹಾಗಾಗುತ್ತದೆ.

ಈ ಗೈಡು ಬರೆದವರನ್ನು ಒಂದು ದಿನ ಶಿರಸಿಯ ಅಡಿಕೆ ಯಾರ್ಡಿಗೆ ಕರೆದುಕೊಂಡು ಹೋಗಬೇಕು. ರಾಶಿ, ಚಾಲಿ, ಬೆಟ್ಟೆ, ಬಿಳೇಗೋಟು, ಕೆಂಪುಗೋಟು, ಕೋಕಾ. ಎಲ್ಲ ಅದೇ ಮರದ್ದು, ಎಲ್ಲ ಅಡಿಕೆಯೇ. ಹಸಿ ಅಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ರಾಶಿ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಬಿಸಿಲಿಗೆ ಹಾಕಿ, ಆಮೇಲೆ ಸುಲಿದರೆ ಚಾಲಿ. ಒಂದೊಂದಕ್ಕೂ ಬೇರೆ ದರ. 'ಎಲ್ಲ ಸಮಾನಾರ್ಥಕ ಅಲ್ವಾ, ಯಾವುದಾದರೇನು' ಅಂತ ಗೈಡಿನವರು ರಾಶಿಯ ಚೀಲಕ್ಕೆ ಕೋಕಾ ಸುರಿಯಲಿ ನೋಡೋಣ. ವರ್ಬೋಸ್ ಅಂದರೇನು ಅಂತ ಅಲ್ಲೇ ಗೊತ್ತಾಗುತ್ತದೆ, ಅದೂ ಅಪ್ಪಟ ಕನ್ನಡದಲ್ಲಿ.

ಇಷ್ಟೆಲ್ಲ ಮಾಡಿ ಹುಡುಗ ಪಾಸಾದ ಅಂತಲೇ ಇಟ್ಟುಕೊಳ್ಳಿ. ಅವನಿಗೆ ಪೋಸ್ಟಿಂಗ್ ಗುವಾಹಟಿಯಲ್ಲಿ. ಅಲ್ಲಿನ ಹುಡುಗನಿಗೆ ಕಾರವಾರದಲ್ಲಿ. ಇಬ್ಬರಿಗೂ ವಾಚಾಳಿಗೆ ನಾಲ್ಕು ಹೆಸರು ಗೊತ್ತು. ಕೌಂಟರಿನ ಆಚೆ ನಿಂತವರ ಜೊತೆ ಆಡಲು ನಾಲ್ಕು ಮಾತು ಇಬ್ಬರಿಗೂ ಗೊತ್ತಿಲ್ಲ. 'ತಮಾ, ಈ ಫಾರಂ ಒಂಚೂರು ತುಂಬಿ ಕೊಡ್ತ್ಯಾ?' ಅಂತ ಅಜ್ಜಿ ಕೇಳಿದರೆ ಅವನು ಮುಖ ನೋಡುತ್ತಾನೆ. ಅಜ್ಜಿಯೂ ನೋಡುತ್ತಾಳೆ. ಅಲ್ಲಿ ಗುವಾಹಟಿಯಲ್ಲೂ ಇದೇ ಹೊತ್ತಿಗೆ ಇನ್ನೊಬ್ಬ ಅಜ್ಜಿ ನಮ್ಮ ಹುಡುಗನ ಮುಖ ನೋಡುತ್ತಿರುತ್ತಾಳೆ. ತಪ್ಪು ಹುಡುಗರದ್ದಲ್ಲ. ಅವರನ್ನು ಇದೊಂದನ್ನು ಯಾರೂ ಕೇಳಲೇ ಇಲ್ಲ.

ಅದಕ್ಕೇ ನನ್ನದೊಂದು ಸಲಹೆ. ನಮ್ಮ ಜಿಲ್ಲೆಗೆ ಬರುವ ಅಧಿಕಾರಿಗಳಿಗೆ ಯಾರ್ಡಿನಲ್ಲೇ ಪರೀಕ್ಷೆ ಇಡೋಣ. ಎದುರಿಗೆ ಆರು ಚೀಲ. ಮುಟ್ಟಬಹುದು, ಮೂಸಬಹುದು, ಕಚ್ಚಿಯೂ ನೋಡಬಹುದು. ಯಾವುದು ಯಾವುದು ಅಂತ ಹೇಳಬೇಕು, ಹೇಳುವುದು ಹಮಾಲರಿಗೆ ಅರ್ಥವಾಗಬೇಕು. ತಪ್ಪಿದರೆ ಅರ್ಧ ಅಂಕ ಖೋತಾ. ಇಂಗ್ಲಿಷ್ ಸಮಾನಾರ್ಥಕ ಬೇಕೇ ಬೇಕು ಅಂತ ಕಮಿಷನ್ನಿನವರು ಹಟ ಹಿಡಿದರೆ ಒಂದು ಪ್ರಶ್ನೆ ಸೇರಿಸೋಣ. 'ಮೂರು ತಿಂಗಳ ಹಿಂದೆ ಕೊಟ್ಟ ಅರ್ಜಿ ಎಲ್ಲಿದೆ?' ಆಯ್ಕೆಗಳು: ಪೆಂಡಿಂಗ್, ಅಂಡರ್ ಪ್ರೊಸೆಸ್, ಫಾರ್ವರ್ಡೆಡ್, ಕಮ್ ಟುಮಾರೊ. ಯಾವುದಕ್ಕೆ ಟಿಕ್ ಹಾಕಿದರೂ ಪೂರ್ತಿ ಅಂಕ.