ಷೇರುಪೇಟೆಗಿಂತ ಮೊದಲು ಮುಳುಗಿದ್ದು ಹೊಲ

ಅಮೆರಿಕದ ಮಹಾ ಆರ್ಥಿಕ ಕುಸಿತದ ಮಾತು ಬಂದರೆ ಎಲ್ಲರೂ 1929ರ ಅಕ್ಟೋಬರ್‌ನಿಂದ, ನ್ಯೂಯಾರ್ಕಿನ ಷೇರುಪೇಟೆಯಿಂದ ಶುರು ಮಾಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಅಯೋವಾ, ಕ್ಯಾನ್ಸಸ್ ಕಡೆಯ ರೈತರ ಮನೆಗೆ ಆ ಕಷ್ಟ ಎಂಟೊಂಬತ್ತು ವರ್ಷ ಮೊದಲೇ ಬಂದು ಕೂತಿತ್ತು.

ಮೊದಲ ಮಹಾಯುದ್ಧದ ಹೊತ್ತಿಗೆ ಯುರೋಪಿಗೆ ಧಾನ್ಯ ಬೇಕಿತ್ತು. ಹೆಚ್ಚು ಗೋಧಿ ಬೆಳೆಯಿರಿ ಎಂದು ಸರ್ಕಾರವೇ ಹುರಿದುಂಬಿಸಿತು. ಒಂದು ಬುಶೆಲ್‌ಗೆ, ಅಂದರೆ ಸುಮಾರು 27 ಕಿಲೋಗೆ, ಎರಡು ಡಾಲರ್‌ಗಿಂತ ಜಾಸ್ತಿ ಬೆಲೆ. ರೈತರು ಸಾಲ ಮಾಡಿ ಪಕ್ಕದ ಜಮೀನು ಕೊಂಡರು, ಟ್ರ್ಯಾಕ್ಟರ್ ತಂದರು. ಯುದ್ಧ ಮುಗಿಯಿತು, ಯುರೋಪಿನವರು ಮತ್ತೆ ತಮ್ಮ ಹೊಲ ಉಳತೊಡಗಿದರು. 1921ರ ಹೊತ್ತಿಗೆ ಬೆಲೆ ಅರ್ಧಕ್ಕೆ ಬಿತ್ತು. ಸಾಲದ ಕಂತು ಮಾತ್ರ ಹಾಗೇ ಇತ್ತು.

ಪಟ್ಟಣಗಳಲ್ಲಿ ಆಗ ರೇಡಿಯೊ, ಜಾಜ್ ಸಂಗೀತ, ಕಂತಿನ ಮೇಲೆ ಕಾರು. 1920ರ ಜನಗಣತಿಯಲ್ಲಿ ಮೊದಲ ಸಲ ಹಳ್ಳಿಗಿಂತ ಪಟ್ಟಣದ ಜನ ಜಾಸ್ತಿಯಾಗಿದ್ದರು. ಹತ್ತು ರೈತರ ಮನೆಗಳಲ್ಲಿ ಒಂಬತ್ತಕ್ಕೆ ಕರೆಂಟೇ ಇರಲಿಲ್ಲ. ಬೆಳೆಯ ಬೆಲೆಗೆ ಆಸರೆ ಕೊಡುವ ಮಸೂದೆಯನ್ನು ಸಂಸತ್ತು 1927ರಲ್ಲಿ ಒಪ್ಪಿತು, 1928ರಲ್ಲಿ ಮತ್ತೆ ಒಪ್ಪಿತು. ಅಧ್ಯಕ್ಷ ಕೂಲಿಜ್ ಎರಡು ಸಲವೂ ತಡೆದರು. ಸಣ್ಣ ಊರುಗಳ ಬ್ಯಾಂಕುಗಳು ಸಾವಿರಗಟ್ಟಲೆ ಬಾಗಿಲು ಹಾಕಿದವು. ಆದರೆ ಷೇರು ಏರುತ್ತಿತ್ತಲ್ವಾ, ದೇಶ ಚೆನ್ನಾಗಿದೆ ಅಂದುಕೊಂಡರು! ನನಗೆ ಹೊಟ್ಟೆ ಉರಿಯುವುದು ಇಲ್ಲೇ.

1932ರಲ್ಲಿ ಒಂದು ಬುಶೆಲ್ ಗೋಧಿಯ ಬೆಲೆ 40 ಸೆಂಟ್‌ಗೂ (ನೂರು ಸೆಂಟ್ ಅಂದರೆ ಒಂದು ಡಾಲರ್) ಕೆಳಗಿಳಿಯಿತು. ಚಳಿಗಾಲದಲ್ಲಿ ಕಲ್ಲಿದ್ದಲು ಕೊಳ್ಳುವುದಕ್ಕಿಂತ ಬೆಳೆದ ಮುಸುಕಿನ ಜೋಳವನ್ನೇ ಒಲೆಗೆ ಹಾಕುವುದು ಅಗ್ಗ ಅನ್ನಿಸಿತು. ಬೆವರು ಸುರಿಸಿ ಬೆಳೆದವನೇ ಅದನ್ನು ಸುಡುವಾಗ ಏನನ್ನಿಸಿರಬೇಕು?

ಆ ದಿನಗಳ ಜಪ್ತಿ ಹರಾಜುಗಳ ಬಗ್ಗೆ ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಹರಾಜಿನ ದಿನ ನೆರೆಹೊರೆಯವರೆಲ್ಲ ಅಂಗಳಕ್ಕೆ ಬರುತ್ತಿದ್ದರು. ಒಬ್ಬ ಹಸುವಿಗೆ ಹತ್ತು ಸೆಂಟ್ ಎಂದು ಕೂಗುತ್ತಿದ್ದ. ಇನ್ನು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹೊರಗಿನವನು ಜಾಸ್ತಿ ಕೂಗಲು ಹೋದರೆ ನಾಲ್ಕು ಜನ ಅವನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಕೆಲವು ಕಡೆ ಉರುಳು ಹಗ್ಗವನ್ನೂ ಕಾಣುವಂತೆ ಕಟ್ಟಿದ್ದರು. ದನ, ನೇಗಿಲು, ಮನೆ ಸಾಮಾನು ಎಲ್ಲ ಸೇರಿ ಕೆಲವೇ ಡಾಲರ್. ಕೊಂಡವರು ಅದನ್ನೆಲ್ಲ ಆ ಮನೆಯವರಿಗೇ ವಾಪಸ್ ಕೊಟ್ಟು ಹೋಗುತ್ತಿದ್ದರು.

1933ರಲ್ಲಿ ಅಯೋವಾ, ಮಿನೆಸೋಟ ರಾಜ್ಯಗಳು ಜಪ್ತಿಗೆ ತಡೆ ಹಾಕುವ ಕಾನೂನು ತಂದವು. ಮೇ ತಿಂಗಳಲ್ಲಿ ಹೊಸ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ ಬೆಳೆಯ ಬೆಲೆ ಎತ್ತಲು ಕಾಯ್ದೆ ಮಾಡಿತು. ಅಷ್ಟರಲ್ಲಿ ಲಕ್ಷಾಂತರ ಕುಟುಂಬಗಳ ಕೈಯಿಂದ ಹೊಲ ಹೋಗಿಯಾಗಿತ್ತು.